ಇಪ್ಪತ್ನಾಲ್ಕು ದೀಪ

ರಾಜಧಾನಿಯ ಶಾಸಕರನ್ನು ತಂದು ಕೂಡಿಹಾಕುವುದು
ನಮ್ಮ ಕೊಡಗಿನ ರೆಸಾರ್ಟಿಗೆ.
ಹಾಗಾದರೆ ನಮ್ಮನ್ನು ಎಲ್ಲಿಗೆ ಒಯ್ಯುವುದು? ಬೇಕಲಕ್ಕೆ.
ಹನ್ನೊಂದು ಮಂದಿ ಪಂಚಾಯಿತಿ ಸದಸ್ಯರು, ಒಂದು ಟೆಂಪೋ ಟ್ರಾವೆಲರ್,
ಅಧ್ಯಕ್ಷೆ ಚೋಂದಮ್ಮನ ಮೇಲೆ ಅವಿಶ್ವಾಸ,
ಮೊಬೈಲುಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ.

ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಹೊಟ್ಟೆನೋವೆಂದು ಇಳಿದೆ.
ನೋವು ಸುಳ್ಳಲ್ಲ. ಹೊಟ್ಟೆಯದ್ದಲ್ಲ, ಅಷ್ಟೆ.

ನಾನು ಪಳಂಗಪ್ಪ. ಗೋಣಿಕೊಪ್ಪದ ಕಾಫಿ ಡಿಪೋದಲ್ಲಿ ತೂಕದವನು.
ಚೀಲದ ಬಾಯಲ್ಲಿರುವ ಬೀಜ ನೋಡಿ ದರ ಹೇಳುವಂತಿಲ್ಲ;
ಕೊಳವೆ ಚುಚ್ಚಿ ನಡುವಿನಿಂದ ತೆಗೆಯಬೇಕು, ತಳದಿಂದಲೂ.
ಧಣಿಯ ಮೇಜಿನ ಮೇಲೆ ಹಿಂದೆ ತೇವದ ಮೀಟರು ಎರಡಿದ್ದವು,
ಗುರುತಿನವರಿಗೆ ಒಂದು, ಉಳಿದವರಿಗೆ ಒಂದು.
ಅದೇ ಚೀಲ ಇಲ್ಲಿ ಹತ್ತೂವರೆ, ಅಲ್ಲಿ ಹದಿಮೂರು.
ಎರಡನೆಯದು ಒಂದು ದಿನ ನನ್ನ ಕೈಜಾರಿತು. ಸಿಮೆಂಟು ನೆಲ.

ನಮ್ಮ ಅರ್ಜಿ ಹೇಳಿತು: ಲೈನ್ ಮನೆಗಳ ದಾರಿಗೆ
ಸೋಲಾರ್ ದೀಪ ಇಪ್ಪತ್ನಾಲ್ಕಕ್ಕೆ ಬಿಲ್ಲು, ನಿಂತದ್ದು ಹದಿನಾಲ್ಕು.
ಎಣಿಸಿದವರು ಯಾರು?
ಯಾರೋ ಹೇಳಿದ್ದು, ಇನ್ಯಾರೋ ಟೈಪು ಮಾಡಿದ್ದು,
ನಾನು ಸಹಿ ಹಾಕಿದ್ದು.

ಎರಡು ಅವಧಿಯ ಹಿಂದೆ ನಮ್ಮವರೇ ಕುರ್ಚಿಯಲ್ಲಿದ್ದಾಗ
ಪಂಪ್‌ಹೌಸಿಗೆ ಎರಡು ಸಲ ಸುಣ್ಣ ಬಳಿದ ಲೆಕ್ಕವಿತ್ತು.
ಪಂಪ್‌ಹೌಸಿಗೆ ಗೋಡೆಯೇ ಎದ್ದಿರಲಿಲ್ಲ.
ನಾವು ಅದನ್ನು ಕಣ್ತಪ್ಪು ಎಂದಿದ್ದೆವು.

ಆ ಸಂಜೆ ಚುಬ್ಬಿಯ ಲೈನಿಗೆ ಹೋದೆ.
ಯರವರ ಚುಬ್ಬಿ, ಚೋಂದಮ್ಮನ ಕಡೆಯ ಸದಸ್ಯೆ.
ಹನ್ನೆರಡನೆಯ ಕೈಗಾಗಿ ನಮ್ಮವರು ಆಗಲೇ
ಮನೆ ಮಂಜೂರಾತಿಯ ಕಾಗದ ತೋರಿಸಿ ಬಂದಿದ್ದರು.
ನನ್ನನ್ನು ಕಂಡು ಒಲೆಯ ಮುಂದಿನಿಂದ ಏಳಲಿಲ್ಲ:
"ನೀನು ಏನು ತಂದೆ?"
"ಟಾರ್ಚು," ಎಂದೆ. "ಎಣಿಸಲಿಕ್ಕೆ ಬಾ."

ನಡೆದೆವು. ಅವಳು ಮುಂದೆ, ಮೂಗು ಗಾಳಿಗೆ.
ಆನೆ ಇದ್ದರೆ ಮೊದಲು ತಿಳಿಯುವುದು ಅವಳಿಗೆ, ನನಗಲ್ಲ.
ಒಂದು. ಎರಡು. ಏಳನೆಯದು ಮಿಣಮಿಣ ಎನ್ನುತ್ತಿತ್ತು,
ಅದನ್ನು ಲೆಕ್ಕಕ್ಕೆ ಹಿಡಿಯುವುದೇ?
ಹಿಡಿ ಎಂದಳು, ಬೇಡ ಎಂದೆ,
ದಾರಿಯ ನಡುವೆ ನಿಂತು ಜಗಳವಾಡಿದೆವು,
ಕಾಲಬುಡದಲ್ಲಿ ಲದ್ದಿ ಇನ್ನೂ ಬೆಚ್ಚಗಿತ್ತು,
ಹಿಡಿದೆವು.

ಹತ್ತೊಂಬತ್ತು ನಿಂತಿದ್ದವು.
ಎರಡು ಆನೆ ಕೆಡವಿದ್ದು, ಕಂಬ ಕಾಫಿಗಿಡದ ಬುಡದಲ್ಲಿತ್ತು.
ಮೂರಕ್ಕೆ ಗುಂಡಿಯನ್ನೂ ತೆಗೆದಿರಲಿಲ್ಲ.
ನಮ್ಮ ಹತ್ತೂ ಸುಳ್ಳು, ಅವರ ಸೊನ್ನೆಯೂ ಸುಳ್ಳು.
ಡಿಪೋದ ತೂಕದ ಚೀಟಿಯ ಹಿಂದೆ ಬರೆದೆ.
ಅವಳ ಸಹಿ ನನ್ನದಕ್ಕಿಂತ ದುಂಡಗಿದೆ.

ಮಡಿಕೇರಿಯಿಂದ ಬಂದ ಸಾಹೇಬರು ಚೀಟಿ ಓದಿದರು,
"ಚರ್ಚೆಗೆ ಅವಕಾಶವಿಲ್ಲ" ಎಂದು ನೀರಿನ ಲೋಟದಡಿ ಇಟ್ಟರು.
ಚೋಂದಮ್ಮ ಬಾಯಿ ತೆರೆದು ಮುಚ್ಚಿದಳು.
"ಒಂದು ಮಾತು ಆಡಲಿ ಬಿಡಿ," ಎಂದೆ.
ಹಿಂದಿನಿಂದ ನಮ್ಮವರೇ ಯಾರೋ ಅಂಗಿ ಎಳೆದರು.
"ಗುತ್ತಿಗೆದಾರ ನೆಟ್ಟಾಯಿತು ಅಂದ," ಎಂದಳು ಆಕೆ, ನೆಲ ನೋಡುತ್ತ.
"ನಾನು ಹೋಗಿ ನೋಡಲಿಲ್ಲ."

ಕೈ ಎತ್ತಿ ಎಂದರು.
ಎತ್ತಿದೆ. ಮೂರಕ್ಕಾಗಿ, ಹತ್ತಕ್ಕಲ್ಲ.
ಪಂಪ್‌ಹೌಸಿನ ಕಡತವನ್ನೂ ತೆಗೆಸಿ ಎಂದೆ, ಎತ್ತಿದ ಕೈ ಇಳಿಸದೆ.
ಚುಬ್ಬಿ ಎತ್ತಲಿಲ್ಲ.
ಹನ್ನೊಂದು.

ಹೊರಗೆ ಬಂದು ಕೇಳಿದೆ.
"ಮೂರಕ್ಕೆ ದುಡ್ಡು ಕಟ್ಟಿಸು. ಕುರ್ಚಿ ಯಾಕೆ ಬೇಕು ನಿಂಗೆ?"
ನನಗೆ ಒಪ್ಪಿಗೆಯಾಗಲಿಲ್ಲ. ಇವತ್ತಿಗೂ ಆಗಿಲ್ಲ.
ಆದರೆ ಚೀಟಿ ಒಂದೇ ಇತ್ತು.

ನಮ್ಮವರು ಈಗ ಡಿಪೋಗೆ ಬಂದರೂ
ನನ್ನ ತಕ್ಕಡಿಯ ಕಡೆ ಬರುವುದಿಲ್ಲ.
ಮೊನ್ನೆ ಚುಬ್ಬಿ ಬಂದಳು, ಬಳ್ಳಿಯಡಿಯಿಂದ ಹೆಕ್ಕಿದ
ಎರಡೂವರೆ ಕಿಲೋ ಕರಿಮೆಣಸು, ಹಳೇ ತಲೆದಿಂಬಿನ ಚೀಲದಲ್ಲಿ.
ಅಂಕಿ ನಿಲ್ಲುವ ತನಕ ಅವಳೂ ನೋಡಿದಳು, ನಾನೂ ನೋಡಿದೆ.
ತೂಕ ಹೇಳಿದೆ.
"ಇನ್ನೊಮ್ಮೆ ಇಡು," ಎಂದಳು.
ಇಟ್ಟೆ.